ಮಣೆ ಹೊತ್ತು ತರುವ ರೋಗಾಣು

ಐದು ತಿಂಗಳ ಕೂಸಿಗೆ ಎರಡು ದಿನದಿಂದ ನೀರಿನಂತೆ ಭೇದಿಯಾಗುತ್ತಿದೆ ಎಂದುಕೊಳ್ಳಿ. ‘ಹಲ್ಲು ಬರುವ ಕಾಲ, ಹಾಗೇ ಆಗುತ್ತೆ’ ಎನ್ನುತ್ತಾರೆ ಅಜ್ಜಿ. ‘ದೃಷ್ಟಿ ತಾಗಿದೆ’ ಎನ್ನುತ್ತಾರೆ ಪಕ್ಕದ ಮನೆಯವರು. ಮತ್ತೊಬ್ಬರು ‘ಎರಡು ದಿನ ಹಾಲು ನಿಲ್ಲಿಸಿ’ ಎನ್ನುತ್ತಾರೆ. ಮೂರರಲ್ಲಿ ಈ ಕೊನೆಯ ಸಲಹೆಯೇ ಹೆಚ್ಚು ಅಪಾಯದ್ದು. ಯಾಕೆಂದು ತಿಳಿಯಲು ರೋಗಾಣು ಕರುಳಿನಲ್ಲಿ ಏನು ಮಾಡುತ್ತದೆಂದು ನೋಡಬೇಕು.

ಕರುಳು ಸುಮ್ಮನೆ ಕುಳಿತ ಕೊಳವೆಯಲ್ಲ. ಒಳಗಿರುವುದನ್ನೆಲ್ಲ ಸದಾ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಹರಿಯುವ ಹಳ್ಳದಲ್ಲಿ ನಿಲ್ಲಬೇಕಾದವನು ಬಂಡೆಯನ್ನೋ ಬೇರನ್ನೋ ಹಿಡಿಯಬೇಕಲ್ಲವೆ? ರೋಗಾಣುವಿನ ಪಾಡೂ ಅದೇ. ಹಿಡಿತ ಸಿಗದಿದ್ದರೆ ಅದು ಮಲದೊಂದಿಗೆ ಹೊರಗೆ ಹೋಗುತ್ತದೆ.

ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಷರಿಷ್ 1885ರಲ್ಲಿ ಶಿಶುಗಳ ಮಲದಲ್ಲಿ ಕಂಡ ಬ್ಯಾಕ್ಟೀರಿಯಾವನ್ನು ಇಂದು ಅವರ ಹೆಸರಿನಿಂದಲೇ ಇ. ಕೊಲೈ ಎಂದು ಕರೆಯುತ್ತೇವೆ. ಇವುಗಳಲ್ಲಿ ಹೆಚ್ಚಿನವು ನಮ್ಮೆಲ್ಲರ ದೊಡ್ಡ ಕರುಳಿನಲ್ಲಿ ತೊಂದರೆ ಕೊಡದೆ ಬಾಳುತ್ತವೆ. ಕೆಲವು ತಳಿಗಳು ಮಾತ್ರ ಕಿಡಿಗೇಡಿಗಳು. ಅಂಥದೊಂದು, ಎಳೆ ಮಕ್ಕಳನ್ನೇ ಹೆಚ್ಚಾಗಿ ಕಾಡುವುದು, ಎಂಟರೋಪ್ಯಾಥೋಜೆನಿಕ್ ಇ. ಕೊಲೈ. ಹೆಸರು ಉದ್ದವಾಯಿತು, ವೈದ್ಯರು ಚಿಕ್ಕದಾಗಿ ‘ಇಪೆಕ್’ ಎನ್ನುತ್ತಾರೆ.

ಇಪೆಕ್ ಮೊದಲು ತನ್ನ ಮೈಮೇಲಿನ ದಾರದಂಥ ಎಳೆಗಳನ್ನು ಚಾಚಿ ಸಣ್ಣ ಕರುಳಿನ ಗೋಡೆಯ ಬಳಿ ಗುಂಪುಗೂಡುತ್ತದೆ. ಇದು ಸಡಿಲ ಹಿಡಿತ. ಸಾಮಾನ್ಯವಾಗಿ ರೋಗಾಣುಗಳು ನಮ್ಮ ಜೀವಕೋಶದ ಮೇಲೆ ಮೊದಲೇ ಇರುವ ಯಾವುದಾದರೂ ಅಣುವನ್ನು ಹಿಡಿದುಕೊಳ್ಳುತ್ತವೆ. ಇಪೆಕ್ ಅಷ್ಟಕ್ಕೇ ನಿಲ್ಲುವುದಿಲ್ಲ. ಅದರ ಮೈಯಲ್ಲಿ ಇಂಜೆಕ್ಷನ್ ಸೂಜಿಯಂಥ ಒಂದು ಕೊಳವೆಯಿದೆ. ಅದರ ಮೂಲಕ ‘ಟಿರ್’ ಎಂಬ ಪ್ರೋಟೀನನ್ನು ನಮ್ಮ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಟಿರ್ ಹೋಗಿ ಜೀವಕೋಶದ ಹೊರಪೊರೆಯಲ್ಲಿ ನಾಟಿಕೊಳ್ಳುತ್ತದೆ. ಆಮೇಲೆ ರೋಗಾಣು ತನ್ನ ‘ಇಂಟಿಮಿನ್’ ಎಂಬ ಇನ್ನೊಂದು ಪ್ರೋಟೀನಿನಿಂದ ಅದನ್ನೇ ಬಿಗಿಯಾಗಿ ಹಿಡಿಯುತ್ತದೆ. ಕೂರುವ ಮಣೆಯನ್ನೂ ತಾನೇ ಹೊತ್ತು ತಂದ ಅತಿಥಿ! ಈ ಮಣೆ ಮನುಷ್ಯನ ಜೀವಕೋಶದ್ದೇ ಎಂದು ಮೊದಲು ನಂಬಲಾಗಿತ್ತು. ಅದು ರೋಗಾಣುವಿನದೇ ಎಂದು 1997ರಲ್ಲಿ ತೋರಿಸಿದವರು ಕೆನಡಾದ ಬ್ರೆಟ್ ಫಿನ್ಲೆ, ಬ್ರೆಂಡನ್ ಕೆನ್ನಿ ಮತ್ತು ಸಂಗಡಿಗರು.

ಕರುಳಿನ ಒಳಮೈ ಮಖಮಲ್ಲಿನಂತೆ ಅತಿ ಸಣ್ಣ ರೋಮಗಳಿಂದ ತುಂಬಿರುತ್ತದೆ. ನೀರು, ಪೋಷಕಾಂಶ ಹೀರುವುದು ಅಲ್ಲಿಯೇ. ರೋಗಾಣು ಕುಳಿತ ಜಾಗದಲ್ಲಿ ಈ ರೋಮಗಳು ಅಳಿಸಿಹೋಗಿ, ಜೀವಕೋಶವೇ ಉಬ್ಬಿ ಅದಕ್ಕೊಂದು ಪೀಠವಾಗುತ್ತದೆ. ಹೀರಬೇಕಾದ ನೀರು ಉಳಿದು ಭೇದಿಯಾಗುತ್ತದೆ.

ಈಗ ತಾಯಿ ಹಾಲಿನ ವಿಷಯ. ಅದರಲ್ಲಿರುವ ಐಜಿಎ ಎಂಬ ಪ್ರತಿಕಾಯಗಳೂ ಮಗುವಿಗೆ ಜೀರ್ಣವಾಗದ ಕೆಲವು ಬಗೆಯ ಸಕ್ಕರೆಗಳೂ ರೋಗಾಣುವಿನ ಹಿಡಿತಕ್ಕೇ ಅಡ್ಡಬರುತ್ತವೆ. ಮೆಕ್ಸಿಕೋದ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಯಿ ಹಾಲಿನ ಈ ಎರಡು ಅಂಶಗಳನ್ನು ಬೆರೆಸಿದಾಗ ಇಪೆಕ್ ಜೀವಕೋಶಗಳಿಗೆ ಅಂಟುವುದು ಕಡಿಮೆಯಾಯಿತು. ಹೆರಿಗೆಯಾದೊಡನೆ ಬರುವ ಗಿಣ್ಣುಹಾಲಿಗೂ ಈ ಗುಣವಿದೆ. ಅದನ್ನು ಹಿಂಡಿ ಚೆಲ್ಲುವವರು ಇನ್ನೂ ಇದ್ದಾರೆ. ಭೇದಿಯ ವೇಳೆ ಎದೆಹಾಲು ನಿಲ್ಲಿಸಿ ಬಾಟಲಿ ಹಿಡಿಸಿದರೆ ಕಾವಲುಗಾರನನ್ನು ಕಳಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಸರಿಯಾಗಿ ಕುದಿಸದ ಬಾಟಲಿಯ ರಬ್ಬರ್ ನಿಪ್ಪಲ್ ರೋಗಾಣುಗಳ ತವರು.

ಹಾಗಾಗಿ ಎದೆಹಾಲನ್ನು ಮೊದಲಿಗಿಂತ ಹೆಚ್ಚು ಸಲ ಕೊಡಿ. ಜೊತೆಗೆ ಓಆರ್‌ಎಸ್ ಕೊಡಿ. ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರನ್ನು ಕುದಿಸಿ ಆರಿಸಿ, ಪುಡಿಯನ್ನು ಪೂರ್ತಿ ಕರಗಿಸಿ, ಚಮಚ ಚಮಚವಾಗಿ ಕುಡಿಸಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಓಆರ್‌ಎಸ್ ರೋಗಾಣುವನ್ನು ಕೀಳುವುದಿಲ್ಲ, ಹೋದ ನೀರು ಮತ್ತು ಲವಣವನ್ನು ತುಂಬುತ್ತದೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಅಲ್ಲಿಯವರೆಗೆ ಮಗುವನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ. ವೈದ್ಯರು ಜಿಂಕ್ ಬರೆದುಕೊಟ್ಟರೆ ಭೇದಿ ನಿಂತಿತೆಂದು ನಡುವೆ ಬಿಡಬೇಡಿ. ಅಂಗಡಿಯಿಂದ ತಂದ ಭೇದಿ ಕಟ್ಟುವ ಮಾತ್ರೆಯನ್ನಾಗಲಿ, ಹಿಂದಿನ ಸಲ ಉಳಿದ ಆ್ಯಂಟಿಬಯಾಟಿಕ್ಕನ್ನಾಗಲಿ ಕೂಸಿಗೆ ಕೊಡಲೇಬೇಡಿ.

ನೆತ್ತಿ ಒಳಗೆ ಕುಸಿದಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಆರು ಗಂಟೆಯಿಂದ ಮೂತ್ರವಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಹಾಲು ಕುಡಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಎಚ್ಚರವಿರುವ ಮಗುವಿಗೆ ಓಆರ್‌ಎಸ್ ಕುಡಿಸುತ್ತಲೇ ಇರಿ.