ದುರ್ಬಲ ಮೂತ್ರಪಿಂಡ, ಔಷಧಿ ಮತ್ತು ಬುದ್ಧಿಭ್ರಮೆ

ದಂಪತಿಗಳೇ,

ನಮ್ಮ ಬೆನ್ನಿನ ಇಕ್ಕೆಲಗಳಲ್ಲಿ ಎರಡು ಮೂತ್ರಪಿಂಡಗಳಿರುವುವು. ರಕ್ತವನ್ನು ಸೋಸಿ ಕಲ್ಮಷವನ್ನು ಮೂತ್ರದೊಡನೆ ಹೊರಹಾಕುವುದು ಇವುಗಳ ಕಾರ್ಯ. ನಾವು ಸೇವಿಸುವ ಅನೇಕ ಔಷಧಿಗಳೂ ಇದೇ ಮಾರ್ಗವಾಗಿ ಹೊರಹೋಗುವುವು. ಬಸಿಗಾಲುವೆ ಮುಚ್ಚಿಹೋದ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುವಂತೆ, ಮೂತ್ರಪಿಂಡಗಳು ದುರ್ಬಲವಾದವರ ರಕ್ತದಲ್ಲಿ ಔಷಧಿಯು ಶೇಖರವಾಗಿ ಮಿದುಳನ್ನು ಬಾಧಿಸುವುದು.

ಒಂದು ನಿದರ್ಶನವನ್ನು ನೋಡಿರಿ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದ್ದ ವೃದ್ಧ ರೈತರೊಬ್ಬರಿಗೆ ಅಂಗಾಲುಗಳಲ್ಲಿ ಉರಿ. ನೆರೆಮನೆಯವರು ತಮಗೆ ಗುಣ ಕಂಡ ಗ್ಯಾಬಪೆಂಟಿನ್ ಗುಳಿಗೆಗಳನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ರೈತರಿಗೆ ವಿಪರೀತ ಮಂಪರು, ಅಸಂಬದ್ಧ ಮಾತು, ಕೈಗಳಲ್ಲಿ ಅದುರು. ಕೊನೆಗೆ ಪತ್ನಿಯ ಗುರುತೂ ಸಿಗದಾಯಿತು. ಬಂಧುಗಳು ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಲು ಹೊರಟರು. ಆದರೆ ಆ ತಾಯಿ ಗುಳಿಗೆಯ ಪಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಪತಿಯನ್ನು ಆಸ್ಪತ್ರೆಗೆ ಕರೆತಂದರು. ರಕ್ತಪರೀಕ್ಷೆಯಿಂದ ಮೂತ್ರಪಿಂಡಗಳ ದೌರ್ಬಲ್ಯ ತಿಳಿದುಬಂದಿತು. ಗುಳಿಗೆಯನ್ನು ನಿಲ್ಲಿಸಿ ಡಯಾಲಿಸಿಸ್ ಮಾಡಲಾಗಿ ಅವರು ಚೇತರಿಸಿಕೊಂಡರು.

ಆರೋಗ್ಯವಂತರ ಶರೀರದಿಂದ ಈ ಔಷಧಿಯ ಅರ್ಧಭಾಗವು 5 ರಿಂದ 7 ಗಂಟೆಗಳಲ್ಲಿ ಹೊರಹೋಗುವುದು. ಮೂತ್ರವೇ ನಿಂತುಹೋದವರಲ್ಲಿ, ಡಯಾಲಿಸಿಸ್ ಇಲ್ಲದಿದ್ದರೆ, ಇದಕ್ಕೆ 5 ದಿನಗಳಿಗೂ ಹೆಚ್ಚು ಕಾಲ ಬೇಕಾಗುವುದು. ಸರ್ಪಸುತ್ತಿಗೆ ಕೊಡುವ ಅಸೈಕ್ಲೊವಿರ್, ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್, ಸೋಂಕಿಗೆ ಕೊಡುವ ಸೆಫಿಪೀಮ್ ಚುಚ್ಚುಮದ್ದು ಇವುಗಳಿಂದಲೂ ಇಂತಹ ತೊಂದರೆ ಉಂಟಾಗಬಹುದು. ಇವು ಕೆಟ್ಟ ಔಷಧಿಗಳಲ್ಲ. ಮೂತ್ರಪಿಂಡಗಳ ಶಕ್ತಿಯನ್ನರಿತು ವೈದ್ಯರು ಪ್ರಮಾಣವನ್ನು ತಗ್ಗಿಸಬೇಕು, ಇಲ್ಲವೇ ಬೇರೆ ಔಷಧಿಯನ್ನು ಕೊಡಬೇಕು.

ಆದುದರಿಂದ ಈ ಅಂಶಗಳನ್ನು ನೆನಪಿನಲ್ಲಿಡಿರಿ:

1. ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡ ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

2. ಮೂತ್ರಪಿಂಡದ ತೊಂದರೆಯಿದ್ದಲ್ಲಿ, ಯಾವ ವೈದ್ಯರ ಬಳಿಗೆ ಹೋದರೂ ಮೊದಲು ಅದನ್ನು ತಿಳಿಸಿ ಹಳೆಯ ಚೀಟಿಗಳನ್ನು ತೋರಿಸಿರಿ.

3. ಒಬ್ಬರಿಗೆ ಬರೆದುಕೊಟ್ಟ ಗುಳಿಗೆಯನ್ನು ಮತ್ತೊಬ್ಬರು ಸೇವಿಸಬಾರದು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಾವಾಗಿಯೇ ಕೊಂಡು ನುಂಗಬಾರದು; ಅವುಗಳಲ್ಲಿ ಅನೇಕವು ಮೂತ್ರಪಿಂಡಗಳಿಗೇ ಹಾನಿಕರ.

4. ವಾಂತಿಭೇದಿಯಾದಾಗ ಅಥವಾ ಮೂತ್ರ ಕಡಿಮೆಯಾದಾಗ ಕೂಡಲೇ ವೈದ್ಯರನ್ನು ಕಾಣಿರಿ. ಆಗ ಔಷಧಿಯ ಪ್ರಮಾಣವನ್ನು ಬದಲಿಸಬೇಕಾಗಬಹುದು.

5. ಮಂಪರು, ತೊದಲು ಮಾತು, ಇಲ್ಲದುದನ್ನು ಕಾಣುವುದು, ಕೈಕಾಲು ಅದುರುವುದು ಇವು ಕಂಡುಬಂದಲ್ಲಿ ಅದೇ ದಿನ ಆಸ್ಪತ್ರೆಗೆ ಕರೆತನ್ನಿರಿ. ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ಜೊತೆಗೆ ತನ್ನಿರಿ. ರಕ್ತದಲ್ಲಿ ಸಕ್ಕರೆ ಇಳಿದರೂ ಇದೇ ಬಗೆಯ ಲಕ್ಷಣಗಳು ತೋರಬಹುದಾದ್ದರಿಂದ ತಡಮಾಡಬಾರದು.

ರೋಗಿಗೆ ತನ್ನ ಬುದ್ಧಿ ಮಂಕಾದುದು ತನಗೇ ತಿಳಿಯದು. ಅದನ್ನು ಮೊದಲು ಗುರುತಿಸಬೇಕಾದವರು ಬಾಳಸಂಗಾತಿಯಾದ ನೀವು.