ವ್ಹಡ್ಲಿಮಾಂಯ್

ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಬಸದಿಗಳ ಊರಾದ ಮೂಡುಬಿದಿರೆ; ದಕ್ಷಿಣ ಕನ್ನಡದ ಈ ಸೀಮೆಗಳಲ್ಲಿ ಗದ್ದೆಯಂಚಿನಲ್ಲೋ ಅಡಕೆಯ ತೋಟದ ನಡುವೆಯೋ ಕೊಂಕಣಿ ಮಾತನಾಡುವ ಕಥೋಲಿಕ ಕ್ರೈಸ್ತರ ಮನೆಗಳು ಹರಡಿಕೊಂಡಿವೆ. ಅಂಥ ಮನೆಯ ಅಜ್ಜಿಯನ್ನು ಮೊಮ್ಮಕ್ಕಳು ‘ವ್ಹಡ್ಲಿಮಾಂಯ್’ ಎಂದು ಕರೆಯುವರು. ದೊಡ್ಡ ತಾಯಿ ಎಂದು ಅದರ ಅರ್ಥ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಆ ಮನೆಗಳನ್ನು ಆಳಿದ ದೊಡ್ಡ ತಾಯಂದಿರಲ್ಲಿ ಹೆಚ್ಚಿನವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಬದುಕನ್ನು ತಿಳಿಯಬೇಕಾದರೆ ಮೊಮ್ಮಕ್ಕಳ ನೆನಪನ್ನೇ ಕೇಳಬೇಕು.

ಭಕ್ತಿಯೆಂದರೆ ಕೈಜೋಡಿಸಿ ಕುಳಿತಿರುವುದೆಂದು ತಿಳಿದವರು ಆಕೆಯ ದಿನಚರಿಯನ್ನು ಕಂಡವರಲ್ಲ. ಕೋಳಿ ಕೂಗುವ ಮುನ್ನವೇ ಆಕೆ ಎದ್ದು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಒಲೆ ಹೊತ್ತಿಸುವಳು. ಹಟ್ಟಿಯ ಕೆಲಸ, ನೇಜಿ ನೆಡುವವರಿಗೆ ಗಂಜಿ, ಬತ್ತ ಬೇಯಿಸುವುದು, ಮಕ್ಕಳನ್ನು ಶಾಲೆಗೆ ಕಳುಹಿಸುವುದು, ಎಲ್ಲವೂ ಆಕೆಯ ಪಾಲಿಗೆ. ಗಂಡನೋ ಮಗನೋ ದುಡಿಮೆಗಾಗಿ ಮುಂಬಯಿಗೆ ಹೋಗಿದ್ದರಂತೂ ಬೇಸಾಯದ ಲೆಕ್ಕವೂ ಆಕೆಯ ತಲೆಯಲ್ಲಿಯೇ ಇರುತ್ತಿತ್ತು. ಮನೆಯಲ್ಲಿ ಕೊಂಕಣಿ, ನೆರೆಯವರೊಡನೆ ತುಳು, ಮಕ್ಕಳ ಪುಸ್ತಕದ ಮುಂದೆ ಕನ್ನಡ; ಹೀಗೆ ಮೂರು ಭಾಷೆಗಳು ಆಕೆಯ ನಾಲಗೆಗೆ ಒಗ್ಗಿದ್ದವು. ಅಕ್ಷರ ಬಲ್ಲ ಅಜ್ಜಿಯರು 1938ರಲ್ಲಿ ಮಂಗಳೂರಿನಿಂದ ಹೊರಟ ‘ರಾಕ್ಣೊ’ ವಾರಪತ್ರಿಕೆಯನ್ನು ಓದುತ್ತಿದ್ದರು. ಅದರ ಭಾಷೆ ಕೊಂಕಣಿ, ಲಿಪಿ ಕನ್ನಡ.

ಭಾನುವಾರ ಬಂತೆಂದರೆ ತೆಂಗಿನ ಒಣಗರಿಯ ಸೂಡಿಯ ಬೆಳಕಿನಲ್ಲಿ ಮೈಲಿಗಟ್ಟಲೆ ನಡೆದು ಇಗರ್ಜಿಯನ್ನು ಸೇರಬೇಕಾಗಿತ್ತು. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಉಪವಾಸವಿರಬೇಕೆಂಬ ಕಟ್ಟಳೆ ಆಗ ಇದ್ದಿತು. ಪೂಜೆಯ ಭಾಷೆ ಲ್ಯಾಟಿನ್. ಒಂದು ಪದದ ಅರ್ಥವೂ ತಿಳಿಯದೆ ಆಕೆ ಅದನ್ನು ಆಲಿಸುತ್ತಿದ್ದಳು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆಯು ಕೊಂಕಣಿಗೆ ಬಂದಿತು. ಅಡುಗೆಮನೆಯಲ್ಲಿ ಆಡುತ್ತಿದ್ದ ಮಾತನ್ನೇ ಪೀಠದಿಂದ ಕೇಳುವ ಭಾಗ್ಯ ಮುಪ್ಪಿನಲ್ಲಿ ಆಕೆಗೆ ಒದಗಿತು.

ಈ ಭಕ್ತಿಯ ಹಿಂದೆ ಒಂದು ನೋವಿನ ಕಥೆಯೂ ಇದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಅಳಿದರು. ಉಳಿದವರು 1799ರ ಬಳಿಕ ಹಿಂತಿರುಗಿ ಪಾಳುಬಿದ್ದ ಹೊಲಮನೆಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಗರ್ಜಿಗಳು ನೆಲಸಮವಾದ ಆ ಕಾಲದಲ್ಲಿಯೂ ಮೂಡುಬಿದಿರೆಯ ಬಳಿಯ ಹೊಸ್ಪೆಟ್ ಎಂಬಲ್ಲಿಯ ಪವಿತ್ರ ಶಿಲುಬೆಯ ಇಗರ್ಜಿಯು ಉಳಿದುಕೊಂಡಿತು. ಅದನ್ನು ಉಳಿಸಿದ್ದು ಮೂಡುಬಿದಿರೆಯ ಜೈನ ಅರಸರಾದ ಚೌಟರ ಸ್ನೇಹ. ಕ್ರಿಸ್ಮಸ್ಸಿನಲ್ಲಿ ‘ಕುಸ್ವಾರ್’ ಎಂಬ ಸಿಹಿತಿಂಡಿಗಳ ಮೊದಲ ತಟ್ಟೆಯನ್ನು ನೆರೆಮನೆಗೆ ಕಳುಹಿಸುವಾಗ ಅಜ್ಜಿಗೆ ಈ ಚರಿತ್ರೆಯ ಇಸವಿಗಳು ತಿಳಿದಿರಲಿಕ್ಕಿಲ್ಲ. ನೆರೆಯ ಬೆಲೆ ತಿಳಿದಿತ್ತು.

ಸೆಪ್ಟೆಂಬರ್ 8ರಂದು ಮರಿಯಮ್ಮನವರ ಹುಟ್ಟುಹಬ್ಬವಾದ ಮೊಂತಿ ಹಬ್ಬ. ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ 1763ರಲ್ಲಿ ಇದು ಆರಂಭವಾಯಿತೆಂದು ಪ್ರತೀತಿ. ಒಂಬತ್ತು ದಿನ ಮಕ್ಕಳು ಹೂವು ತಂದು ಬಾಲೆ ಮರಿಯಮ್ಮನ ಪ್ರತಿಮೆಗೆ ಅರ್ಪಿಸುವರು. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಸುಲಿದು ಪುಡಿಮಾಡಿ, ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ ಎಲ್ಲರಿಗೂ ಹಂಚುವರು. ಊಟ ಬಾಳೆಯೆಲೆಯ ಮೇಲೆ. ಅಂದು ಮೀನು ಮಾಂಸಗಳಿಲ್ಲ. ಮನೆಯಲ್ಲಿಲ್ಲದವರ ಪಾಲನ್ನು ಅಜ್ಜಿ ಮರೆಯಳು. ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಪತ್ರದೊಳಗಿಟ್ಟು, ಮುಂಬಯಿಗೂ ಮುಂದೆ ಗಲ್ಫ್ ದೇಶಗಳಿಗೂ ಅಂಚೆಯಲ್ಲಿ ಕಳುಹಿಸುವಳು. ಬಾಡಿಗೆಯ ಕೋಣೆಯಲ್ಲಿ ಆ ಲಕೋಟೆಯನ್ನು ಒಡೆದ ಮಗನಿಗೆ ತನ್ನ ಗದ್ದೆಯ ಮಣ್ಣಿನ ವಾಸನೆ ಬರುತ್ತಿತ್ತು.

ಆಕೆಯ ಅಧಿಕಾರ ಪೂರ್ಣವಾಗಿ ಕಾಣುತ್ತಿದ್ದುದು ಮುಸ್ಸಂಜೆಯಲ್ಲಿ. ದೀಪ ಹಚ್ಚಿದೊಡನೆ ಇಡೀ ಮನೆ ದೇವರ ಪಟದ ಮುಂದೆ ಮೊಣಕಾಲೂರಬೇಕು. ‘ತೇರ್ಸ್’ ಎಂಬ ಜಪಸರದ ಪ್ರಾರ್ಥನೆ ಆರಂಭವಾಗುವುದು. ತೂಕಡಿಸುವ ಮಗುವಿನ ಬೆನ್ನಿನ ಮೇಲೆ, ಜಪ ತಪ್ಪದಂತೆಯೇ, ಅಜ್ಜಿಯ ಕೈ ಬಂದು ಬೀಳುವುದು! ಜಪ ಮುಗಿದ ಮೇಲೆ ಆಕೆ ಸತ್ತವರಿಗಾಗಿ ಪ್ರಾರ್ಥಿಸುವಳು. ಮಾವ, ಅತ್ತೆ, ಎಳೆತನದಲ್ಲಿಯೇ ತೀರಿಹೋದ ಒಂದು ಮಗು, ಮುತ್ತಜ್ಜ, ಅವನ ತಮ್ಮ, ಹೀಗೆ ಹೆಸರುಗಳ ಸಾಲು ಒಂದೂ ತಪ್ಪದೆ, ಕ್ರಮ ಕೆಡದೆ ಬರುತ್ತಿತ್ತು. ಹಸಿದ ಮಕ್ಕಳಿಗೆ ಅದು ಮುಗಿಯದ ಪಟ್ಟಿಯೆನಿಸುವುದು ಸಹಜವೇ. ಕಡೆಗೆ ಕಿರಿಯರು ಒಬ್ಬೊಬ್ಬರಾಗಿ ‘ಬೆಸಾಂವ್’ ಎಂದರೆ ಆಶೀರ್ವಾದ ಬೇಡಿ, ಆಕೆಯ ಕೈ ತಲೆಯ ಮೇಲೆ ಬಂದ ಬಳಿಕವೇ ಊಟಕ್ಕೆ ಏಳುವರು.

ಆ ಸಾಲನ್ನು ಯಾರೂ ಬರೆದಿಡಲಿಲ್ಲ. ಅಜ್ಜಿ ತೀರಿಕೊಂಡ ದಿನದ ಸಂಜೆಯಲ್ಲಿ ಮಗಳು ಅದನ್ನು ಹೇಳಲು ತೊಡಗಿ, ನಾಲ್ಕೈದು ಹೆಸರುಗಳಾದ ಮೇಲೆ ತಡವರಿಸುವಳು. ಮೂಲೆಯಲ್ಲಿ ಕುಳಿತ ಮೊಮ್ಮಗುವೊಂದು, ಹಸಿವಿನಿಂದ ಕೇಳಿಕೇಳಿ ಬಾಯಿಪಾಠವಾಗಿದ್ದ ಮುಂದಿನ ಹೆಸರನ್ನು ಮೆಲ್ಲನೆ ಎತ್ತಿಕೊಡುವುದು. ಸಾಲು ಮತ್ತೆ ಸಾಗುವುದು. ಅದರ ತುದಿಯಲ್ಲಿ ಅಂದು ಹೊಸದೊಂದು ಹೆಸರು ಸೇರುವುದು.