ಶೆಡ್ಯೂಲ್‌ಗೂ ತ್ರೀಡಿ ಮಾಡೆಲ್‌ಗೂ ಗಂಟು ಹಾಕುವುದು ಹೇಗೆ?

ದೊಡ್ಡ ಕಟ್ಟಡದ ಕೆಲಸ ನಡೆಯುವಲ್ಲಿ ಎರಡು ಕಡತಗಳು ಒಂದರ ಮುಖ ಒಂದು ನೋಡದೆ ಓಡಾಡುತ್ತಿರುತ್ತವೆ. ಒಂದು, ಪ್ಲಾನಿಂಗ್ ಎಂಜಿನಿಯರ್ ಕೈಯಲ್ಲಿರುವ ಶೆಡ್ಯೂಲ್. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲೋ ಪ್ರೈಮವೆರಾ ಪಿ6ನಲ್ಲೋ ಮಾಡಿದ್ದು. ಇನ್ನೊಂದು, ರೆವಿಟ್‌ನಂಥ ತಂತ್ರಾಂಶದಲ್ಲಿ ತಯಾರಾದ ತ್ರೀಡಿ ಮಾಡೆಲ್. ಎರಡನ್ನೂ ಜೋಡಿಸಿ, ಯಾವ ತಾರೀಖಿಗೆ ಕಟ್ಟಡ ಎಷ್ಟು ಮೇಲೆದ್ದಿರುತ್ತದೆ ಎಂದು ಪರದೆಯ ಮೇಲೆ ಓಡಿಸಿ ನೋಡುವುದನ್ನೇ ಫೋರ್‌ಡಿ ಸಿಮ್ಯುಲೇಶನ್ ಎನ್ನುವುದು. ಕ್ರೇನ್ ನಿಲ್ಲಿಸಬೇಕೆಂದಿರುವ ಜಾಗದಲ್ಲಿ ಆ ಹೊತ್ತಿಗೆ ಗೋಡೆ ಎದ್ದಿರುತ್ತದೆ ಎಂಬಂಥ ಸಂಗತಿ ನೂರಾರು ಸಾಲಿನ ಬಾರ್ ಚಾರ್ಟ್‌ನಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಇಲ್ಲಿ ಥಟ್ಟನೆ ಬೀಳುತ್ತದೆ.

ಈ ಕೆಲಸಕ್ಕೆ ತಂತ್ರಾಂಶಗಳು ಹಲವಿವೆ. 2018ರಲ್ಲಿ ಬೆಂಟ್ಲಿ ಕಂಪನಿ ಕೊಂಡುಕೊಂಡ ಸಿಂಕ್ರೋ ಒಂದು. ಅದರೊಳಗೇ ಶೆಡ್ಯೂಲ್ ಲೆಕ್ಕ ಹಾಕುವ ಸೌಲಭ್ಯವೂ ಇದೆ. 2007ರಲ್ಲಿ ಆಟೊಡೆಸ್ಕ್ ಪಾಲಾದ ನೇವಿಸ್‌ವರ್ಕ್ಸ್ ಇನ್ನೊಂದು. ರೆವಿಟ್ ಬಳಸುವ ಕಚೇರಿಗಳಲ್ಲಿ ಎರಡನೆಯದು ಸಲೀಸಾಗಿ ಸಿಗುವುದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಇದರ ಮ್ಯಾನೇಜ್ ಮತ್ತು ಸಿಮ್ಯುಲೇಟ್ ಆವೃತ್ತಿಗಳಲ್ಲಿ ‘ಟೈಮ್‌ಲೈನರ್’ ಎಂಬ ಸಾಧನವಿದೆ. ಅದು ತಾರೀಖುಗಳನ್ನು ಓದುತ್ತದೆಯೇ ಹೊರತು ಲೆಕ್ಕ ಹಾಕುವುದಿಲ್ಲ. ಯಾವ ಕೆಲಸದ ನಂತರ ಯಾವುದು, ಭಾನುವಾರ ರಜೆಯೋ ಅಲ್ಲವೋ ಎಂಬುದೆಲ್ಲ ಮೂಲ ಶೆಡ್ಯೂಲ್‌ನಲ್ಲೇ ಇತ್ಯರ್ಥವಾಗಿರಬೇಕು.

ಮೊದಲು ಕೋಡ್, ಆಮೇಲೆ ಕಂಪ್ಯೂಟರ್

ಹೆಚ್ಚಿನವರು ಎಡವುವುದು ತಂತ್ರಾಂಶದಲ್ಲಲ್ಲ, ಅದನ್ನು ತೆರೆಯುವ ಮುಂಚೆ. ಶೆಡ್ಯೂಲ್‌ನಲ್ಲಿ ‘ಆರ್‌ಸಿಸಿ ಕೆಲಸ – ಆರು ತಿಂಗಳು’ ಎಂದು ಒಂದೇ ಸಾಲಿದ್ದರೆ ಸಿಮ್ಯುಲೇಶನ್‌ನಲ್ಲಿ ಇಡೀ ಕಟ್ಟಡ ಒಟ್ಟಿಗೇ ಪ್ರತ್ಯಕ್ಷವಾಗುತ್ತದೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಮಹಡಿವಾರು, ಸಾಧ್ಯವಾದರೆ ಕಾಂಕ್ರೀಟ್ ಹಾಕುವ ಭಾಗವಾರು ಸಾಲುಗಳಿರಬೇಕು. ಮಾಡೆಲ್ ಕೂಡ ಹಾಗೇ ತುಂಡಾಗಿರಬೇಕು. ಕಂಬವನ್ನು ತಳಪಾಯದಿಂದ ತಾರಸಿವರೆಗೆ ಒಂದೇ ಉದ್ದಕ್ಕೆ ಎಳೆದಿದ್ದರೆ ಅದನ್ನು ಮಹಡಿವಾರು ಕತ್ತರಿಸಲು ಮಾಡೆಲ್ ಮಾಡಿದವರಿಗೆ ಹೇಳಿ. ಸ್ಲ್ಯಾಬ್ ಅನ್ನು ಮೂರು ಸಲ ಹಾಕುವುದಾದರೆ ರೆವಿಟ್‌ನ ‘ಪಾರ್ಟ್ಸ್’ ಬಳಸಿ ಮೂರಾಗಿ ಒಡೆಯಬಹುದು.

ಇನ್ನು ಎರಡೂ ಕಡೆಗೆ ಒಂದೇ ಕೋಡ್ ಬೇಕು. ಎ ವಿಂಗ್, ಎರಡನೇ ಮಹಡಿ, ಸ್ಲ್ಯಾಬ್ ಎಂದರೆ ‘ಎ-02-ಎಸ್‌ಎಲ್’ ಎಂಬಂತೆ. ಶೆಡ್ಯೂಲ್‌ನಲ್ಲಿ ಇದಕ್ಕಾಗಿ ಒಂದು ಹೆಚ್ಚುವರಿ ಕಾಲಂ ಸೇರಿಸಿ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಾದರೆ ಟೆಕ್ಸ್ಟ್1 ಸಾಕು. ರೆವಿಟ್‌ನಲ್ಲಿ ಅದೇ ಕೋಡ್‌ಗೆ ಒಂದು ಪ್ಯಾರಾಮೀಟರ್ ಮಾಡಿ ಪ್ರತಿ ಸ್ಲ್ಯಾಬ್, ಕಂಬ, ಗೋಡೆಗೂ ತುಂಬಿಸಿ. ಬೇಸರದ ಕೆಲಸ, ನಿಜ. ಆದರೆ ಒಂದು ವಾರ ಇಲ್ಲಿ ಕಳೆದರೆ ಮುಂದೆ ಪ್ರತಿ ವಾರವೂ ಉಳಿಯುತ್ತದೆ. ಕೋಡ್ ಅಕ್ಷರದಿಂದಲೇ ಶುರುವಾಗಲಿ. ‘2-3’ ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖೆಂದು ತಿಳಿದು ತಿದ್ದಿಬಿಡುತ್ತದೆ.

ಶೆಡ್ಯೂಲ್‌ನಲ್ಲಿ ಇನ್ನೂ ಒಂದು ಕಾಲಂ ಸೇರಿಸಿ, ‘ಟಾಸ್ಕ್ ಟೈಪ್’ ಎಂದು. ಹೊಸದಾಗಿ ಕಟ್ಟುವುದಕ್ಕೆ ಕನ್‌ಸ್ಟ್ರಕ್ಟ್, ಒಡೆಯುವುದಕ್ಕೆ ಡೆಮಾಲಿಶ್, ಸೆಂಟ್ರಿಂಗ್‌ನಂತೆ ಬಂದು ಹೋಗುವುದಕ್ಕೆ ಟೆಂಪರರಿ. ನೇವಿಸ್‌ವರ್ಕ್ಸ್‌ನಲ್ಲಿ ಇರುವ ಇಂಗ್ಲಿಷ್ ಹೆಸರನ್ನೇ ಅಕ್ಷರ ತಪ್ಪದೆ ಬರೆಯಬೇಕು. ಇದು ಖಾಲಿ ಇರುವ ಸಾಲು ಸಿಮ್ಯುಲೇಶನ್‌ನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ‘ಎಲ್ಲಾ ಸರಿಯಿದೆ, ಆದರೂ ಏನೂ ಓಡುತ್ತಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದ ಜಾಗ ಇದೇ.

ಶೆಡ್ಯೂಲ್ ಜೋಡಿಸುವುದು

ರೆವಿಟ್‌ನಿಂದ ಎನ್‌ಡಬ್ಲ್ಯುಸಿ ಕಡತ ಹೊರತೆಗೆಯುವಾಗ ಎಲಿಮೆಂಟ್ ಪ್ಯಾರಾಮೀಟರ್‌ಗಳೂ ಜತೆಗೆ ಬರುವಂತೆ ನೋಡಿಕೊಳ್ಳಿ; ನಿಮ್ಮ ಕೋಡ್ ಇರುವುದು ಅವುಗಳಲ್ಲೇ. ನೇವಿಸ್‌ವರ್ಕ್ಸ್‌ನಲ್ಲಿ ಅದನ್ನು ತೆರೆದು ಎನ್‌ಡಬ್ಲ್ಯುಎಫ್ ಆಗಿ ಉಳಿಸಿ. ಮೂಲ ಕಡತಗಳ ಜತೆ ಸಂಬಂಧ ಉಳಿಸಿಕೊಳ್ಳುವುದು ಎನ್‌ಡಬ್ಲ್ಯುಎಫ್. ಎನ್‌ಡಬ್ಲ್ಯುಡಿ ಆ ಕ್ಷಣದ ಪ್ರತಿ ಮಾತ್ರ; ಬೇರೆಯವರಿಗೆ ಕಳಿಸಲು ಅದು ಸರಿ, ದಿನನಿತ್ಯದ ಕೆಲಸಕ್ಕಲ್ಲ.

ಈಗ ಟೈಮ್‌ಲೈನರ್ ತೆರೆದು ‘ಡೇಟಾ ಸೋರ್ಸಸ್’ಗೆ ಹೋಗಿ, ‘ಆ್ಯಡ್’ ಒತ್ತಿ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಕಡತವನ್ನು ನೇರವಾಗಿ ಜೋಡಿಸಬೇಕಾದರೆ ಅದೇ ಕಂಪ್ಯೂಟರ್‌ನಲ್ಲಿ ಆ ತಂತ್ರಾಂಶವೂ ಇರಬೇಕು. ಪಿ6ಗೆ ನೇರ ಸಂಪರ್ಕ ಕೊಡಬಹುದು. ಆದರೆ ಅದಕ್ಕೆ ಸರ್ವರ್‌ನ ಲಾಗಿನ್ ಬೇಕು, ಎಷ್ಟೋ ಕಚೇರಿಗಳಲ್ಲಿ ಮಾಡೆಲ್ ಮಾಡುವವರಿಗೆ ಅದನ್ನು ಕೊಡುವುದಿಲ್ಲ. ಎರಡೂ ಇಲ್ಲದವರಿಗೆ ಸಿಎಸ್‌ವಿ ಇದೆ. ನನ್ನ ಮಟ್ಟಿಗೆ ಕಲಿಯುವವರಿಗೆ ಇದೇ ಒಳ್ಳೆಯದು. ಏನು ಬಂತು, ಏನು ಬರಲಿಲ್ಲ ಎಂಬುದನ್ನು ಎಕ್ಸೆಲ್‌ನಲ್ಲೇ ತೆರೆದು ನೋಡಬಹುದು.

ಕಡತ ಆರಿಸಿದ ಕೂಡಲೇ ‘ಫೀಲ್ಡ್ ಸೆಲೆಕ್ಟರ್’ ತೆರೆಯುತ್ತದೆ. ನಿಮ್ಮ ಕಾಲಂಗಳಿಗೂ ಟೈಮ್‌ಲೈನರ್‌ನ ಕಾಲಂಗಳಿಗೂ ಜೋಡಿ ಹಾಕುವ ಜಾಗ ಇದು. ಯೋಜಿತ ಆರಂಭ, ಯೋಜಿತ ಮುಕ್ತಾಯ, ಟಾಸ್ಕ್ ಟೈಪ್ ಇವನ್ನು ಅವುಗಳ ಜೋಡಿಗೆ ಸೇರಿಸಿ. ಕೋಡ್ ಕಾಲಂ ಅನ್ನು ‘ಯೂಸರ್ 1’ಕ್ಕೆ ಕೊಡಿ. ಸೈಟ್‌ನಿಂದ ನಿಜವಾದ ಆರಂಭ–ಮುಕ್ತಾಯದ ತಾರೀಖು ಬರುತ್ತಿದ್ದರೆ ಅವನ್ನೂ ಈಗಲೇ ಸೇರಿಸಿ. ಸಿಎಸ್‌ವಿಯಾದರೆ ಮೊದಲ ಸಾಲಿನಲ್ಲಿ ಶೀರ್ಷಿಕೆಗಳಿವೆ ಎಂಬ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ.

ಇಲ್ಲಿ ಅತಿ ಮುಖ್ಯವಾದದ್ದು ‘ಸಿಂಕ್ರೊನೈಸೇಶನ್ ಐಡಿ’. ಮುಂದಿನ ಸಲ ಶೆಡ್ಯೂಲ್ ಬದಲಾದಾಗ ಯಾವ ಸಾಲು ಯಾವುದೆಂದು ತಂತ್ರಾಂಶ ಗುರುತು ಹಿಡಿಯುವುದು ಇದರಿಂದಲೇ. ವ್ಯಕ್ತಿಯ ವಿಳಾಸ ಬದಲಾದರೂ ಆಧಾರ್ ಸಂಖ್ಯೆ ಬದಲಾಗದ ಹಾಗೆ ಈ ಐಡಿ ಇರಬೇಕು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಎಡತುದಿಯಲ್ಲಿ ಕಾಣುವ ಐಡಿ ಬರೀ ಸಾಲಿನ ಸಂಖ್ಯೆ. ನಡುವೆ ಒಂದು ಸಾಲು ಸೇರಿಸಿದರೆ ಕೆಳಗಿನದೆಲ್ಲ ಬದಲಾಗುತ್ತದೆ. ಹಾಗಾಗಿ ‘ಯೂನಿಕ್ ಐಡಿ’ಯನ್ನೇ ಬಳಸಿ. ಪಿ6ನವರಿಗೆ ಆಕ್ಟಿವಿಟಿ ಐಡಿ ಇದ್ದೇ ಇದೆ.

ತಾರೀಖಿನ ತಕರಾರು

05/08/2025 ಎಂದರೆ ನಮಗೆ ಆಗಸ್ಟ್ 5. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್‌ಗೆ ಮೇ 8. ತಿಂಗಳ 13ನೇ ತಾರೀಖಿನಿಂದಾಚೆಗೆ ಗೊಂದಲ ಬಯಲಾಗುತ್ತದೆ, ಏಕೆಂದರೆ 13ನೇ ತಿಂಗಳೆಂಬುದಿಲ್ಲ. ಅದಕ್ಕಿಂತ ಮುಂಚಿನವು ಮಾತ್ರ ಸದ್ದಿಲ್ಲದೆ ಅದಲುಬದಲಾಗಿ, ಎರಡನೇ ಮಹಡಿ ತಳಪಾಯಕ್ಕಿಂತ ಮೊದಲೇ ಎದ್ದು ನಿಲ್ಲುತ್ತದೆ. ಸಿಎಸ್‌ವಿ ಜೋಡಿಸುವಾಗ ತಾರೀಖಿನ ಕ್ರಮವನ್ನು ತಾನಾಗಿಯೇ ಪತ್ತೆಹಚ್ಚಲು ಬಿಡದೆ, ಇಂಥದ್ದೇ ಎಂದು ನೀವೇ ಬರೆದುಕೊಡಿ. ಪಿ6ನ ಕೋಷ್ಟಕವನ್ನು ಎಕ್ಸೆಲ್‌ಗೆ ಕಾಪಿ ಮಾಡಿದ್ದರೆ ತಾರೀಖಿನ ಬಾಲಕ್ಕೆ ‘ಎ’ ಅಕ್ಷರವೋ ನಕ್ಷತ್ರ ಚಿಹ್ನೆಯೋ ಅಂಟಿಕೊಂಡಿರುತ್ತದೆ. ಮೊದಲನೆಯದು ಕೆಲಸ ನಿಜಕ್ಕೂ ನಡೆದಿದೆ ಎಂಬುದರ ಗುರುತು, ಎರಡನೆಯದು ತಾರೀಖಿಗೆ ನಿರ್ಬಂಧ ಹಾಕಲಾಗಿದೆ ಎಂಬುದರದು. ಎರಡನ್ನೂ ತೆಗೆಯದಿದ್ದರೆ ಅದು ತಾರೀಖಾಗಿ ಉಳಿಯದೆ ಬರೀ ಅಕ್ಷರವಾಗುತ್ತದೆ.

ಮಾಡೆಲ್‌ಗೆ ಅಂಟಿಸುವುದು

ಜೋಡಿಸಿದ ಕಡತದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ‘ರೀಬಿಲ್ಡ್ ಟಾಸ್ಕ್ ಹೈರಾರ್ಕಿ’ ಕೊಟ್ಟರೆ ಸಾಲುಗಳೆಲ್ಲ ‘ಟಾಸ್ಕ್ಸ್’ ಪಟ್ಟಿಗೆ ಬರುತ್ತವೆ. ಇನ್ನು ಪ್ರತಿ ಸಾಲಿಗೂ ಮಾಡೆಲ್‌ನ ಭಾಗಗಳನ್ನು ಕೈಯಿಂದ ಆರಿಸಿ ಅಂಟಿಸುತ್ತ ಕೂರಬೇಡಿ. ‘ಆಟೊ-ಅಟ್ಯಾಚ್ ಯೂಸಿಂಗ್ ರೂಲ್ಸ್’ನಲ್ಲಿ ಒಂದು ಹೊಸ ನಿಯಮ ಮಾಡಿ: ಟಾಸ್ಕ್‌ನ ‘ಯೂಸರ್ 1’ ಕಾಲಂನಲ್ಲಿರುವುದಕ್ಕೆ ಮಾಡೆಲ್‌ನ ಕೋಡ್ ಪ್ಯಾರಾಮೀಟರ್ ಹೊಂದಿಕೆಯಾಗಬೇಕು ಎಂದು. ಒಂದೇ ಕ್ಲಿಕ್‌ಗೆ ಸಾವಿರಾರು ಭಾಗಗಳು ತಮ್ಮ ತಮ್ಮ ಸಾಲಿಗೆ ಹೋಗಿ ಸೇರುತ್ತವೆ.

ಅಷ್ಟಕ್ಕೇ ನಂಬಿಬಿಡಬೇಡಿ. ಅಲ್ಲೇ ಇರುವ ‘ಫೈಂಡ್ ಐಟಮ್ಸ್’ನಿಂದ ಯಾವ ಸಾಲಿಗೂ ಸೇರದ ಭಾಗಗಳನ್ನೂ ಎರಡೆರಡು ಸಾಲಿಗೆ ಸೇರಿದವನ್ನೂ ಹುಡುಕಿ ತೆಗೆಯಬಹುದು. ಮಾಡೆಲ್‌ನಲ್ಲಿರುವ ಭಾಗ ಶೆಡ್ಯೂಲ್‌ನಲ್ಲಿ ಇಲ್ಲವೆಂದರೆ ಅದು ಎಷ್ಟೋ ಸಲ ಕೋಡ್‌ನ ತಪ್ಪಲ್ಲ, ಆ ಕೆಲಸಕ್ಕೆ ದಿನ ಇಡುವುದನ್ನೇ ಮರೆತಿದ್ದಾರೆ ಎಂದರ್ಥ. ಈ ಪಟ್ಟಿಯೊಂದಕ್ಕಾಗಿಯೇ ಇಷ್ಟೆಲ್ಲ ಶ್ರಮ ಪಟ್ಟರೂ ನಷ್ಟವಿಲ್ಲ ಎನ್ನುವಷ್ಟು ಇದು ಉಪಯುಕ್ತ.

‘ಸಿಮ್ಯುಲೇಟ್’ ಒತ್ತಿ ಓಡಿಸಿದಾಗ ಕಟ್ಟುತ್ತಿರುವುದು ಹಸಿರಾಗಿ, ಒಡೆಯುತ್ತಿರುವುದು ಕೆಂಪಾಗಿ, ತಾತ್ಕಾಲಿಕವಾದದ್ದು ಹಳದಿಯಾಗಿ ಕಾಣುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಹೆಜ್ಜೆಗೆ ಒಂದು ದಿನವೋ ಒಂದು ವಾರವೋ ಎಂದು ಇಟ್ಟುಕೊಳ್ಳಿ. ವಾರದ ಹೆಜ್ಜೆ ಇಟ್ಟರೆ ಎರಡು ದಿನದ ಕೆಲಸ ಕಾಣದೇ ಹೋಗಬಹುದು. ಆ ಅವಧಿಯ ಎಲ್ಲ ಕೆಲಸಗಳನ್ನೂ ತೋರಿಸುವ ಆಯ್ಕೆಗೆ ಗುರುತು ಹಾಕಿ. ಯೋಜಿತ ಮತ್ತು ನಿಜವಾದ ತಾರೀಖುಗಳನ್ನು ಹೋಲಿಸುವ ನೋಟವೂ ಇಲ್ಲೇ ಇದೆ. ಸೈಟ್ ಮೀಟಿಂಗ್‌ಗೆ ಅದೇ ಸಾಕು, ಥಳಕಿನ ವಿಡಿಯೊ ಬೇಕಿಲ್ಲ.

ಶೆಡ್ಯೂಲ್ ಬದಲಾದಾಗ

ಬದಲಾಗದ ಶೆಡ್ಯೂಲ್ ಯಾವ ಸೈಟಿನಲ್ಲೂ ಇಲ್ಲ. ಬರೀ ತಾರೀಖು ಹಿಂದೆ ಮುಂದೆ ಆಗಿದ್ದರೆ ‘ಸಿಂಕ್ರೊನೈಸ್’ ಸಾಕು. ಹೊಸ ಸಾಲುಗಳು ಸೇರಿದ್ದರೆ ಮತ್ತೆ ‘ರೀಬಿಲ್ಡ್’ ಕೊಟ್ಟು, ನಿಯಮವನ್ನೂ ಇನ್ನೊಮ್ಮೆ ಓಡಿಸಿ. ಹೊಸ ಆವೃತ್ತಿಯನ್ನು ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಇಡಿ, ಹಳೆಯದನ್ನು ತಾರೀಖು ಹಾಕಿ ಬೇರೆ ಫೋಲ್ಡರ್‌ಗೆ ಸರಿಸಿ. ‘ಫೈನಲ್’, ‘ಹೊಸ ಫೈನಲ್’ ಎಂದು ಹೆಸರಿಡುತ್ತ ಹೋದರೆ ಟೈಮ್‌ಲೈನರ್ ಹಳೆಯ ಕಡತವನ್ನೇ ಓದುತ್ತಿರುತ್ತದೆ.

ಟೈಮ್‌ಲೈನರ್‌ನಲ್ಲೇ ತಾರೀಖು ತಿದ್ದುವ ಆಸೆ ಬಂದರೆ ತಡೆದುಕೊಳ್ಳಿ. ತಿದ್ದಿದ್ದು ಮೂಲ ಕಡತಕ್ಕೆ ಹೋಗುವುದಿಲ್ಲ, ಮುಂದಿನ ಸಿಂಕ್‌ನಲ್ಲಿ ಅಳಿಸಿಯೂ ಹೋಗುತ್ತದೆ. ತಪ್ಪು ಕಂಡರೆ ಪ್ಲಾನಿಂಗ್ ಎಂಜಿನಿಯರ್‌ಗೆ ಹೇಳಿ, ಅಲ್ಲಿ ತಿದ್ದಿಸಿ, ಮತ್ತೆ ಎಳೆದುಕೊಳ್ಳಿ. ಮೊದಲ ಬಾರಿ ಮಾಡುವವರು ಇಡೀ ಕಟ್ಟಡಕ್ಕೆ ಕೈ ಹಾಕದೆ, ಒಂದೇ ಮಹಡಿಯ ಕೋಡ್ ತುಂಬಿಸಿ ಶುರು ಮಾಡಿ.